ಅಪ್ಪನ ತಿಥಿಗೊಂದು ಪ್ರೋಗ್ರಾಂ

ಅಪ್ಪ ತೀರಿಕೊಂಡದ್ದು ಆಷಾಢ ಶುದ್ಧ ಬಿದಿಗೆಯಂದು. ಮೊದಲ ವರ್ಷದ ತಿಥಿ ಮೈಸೂರಿನಲ್ಲಿ ಸೋದರತ್ತೆಯ ಮನೆಯಲ್ಲಿ ಆಯಿತು. ಎರಡನೆಯದನ್ನು ವೆಸ್ಟ್ ಮಾಂಬಲಂನ ನಮ್ಮ ಮನೆಯಲ್ಲೇ ಮಾಡಬೇಕೆಂದು ಅಮ್ಮನ ಹಟ. ಊರಿಂದ ತರಿಸುವ ಪಂಚಾಂಗ ಆ ವರ್ಷ ಬಂದಿರಲಿಲ್ಲ. ಗಂಡನ ತಿಥಿ ಯಾವತ್ತು ಎಂದು ನಾದಿನಿಯನ್ನು ಕೇಳುವುದು ಅಮ್ಮನಿಗೆ ಅವಮಾನ. ಗೋಡೆಯ ಮೇಲಿದ್ದದ್ದು ಇಲ್ಲಿಯವರ ತಮಿಳು ಕ್ಯಾಲೆಂಡರ್. ಅವರ ತಿಂಗಳು ಸೂರ್ಯನ ಲೆಕ್ಕ, ನಮ್ಮದು ಚಂದ್ರನ ಲೆಕ್ಕ. ನಮ್ಮ ಆಷಾಢ ಶುರುವಾಗಿ ಎಷ್ಟೋ ದಿನದ ಮೇಲೆ ಅವರ ಆಷಾಢ, ಅಂದರೆ ಆಡಿ ಮಾಸ, ಬರುತ್ತದೆ.

"ಒಂದು ಪ್ರೋಗ್ರಾಂ ಬರ್ದುಕೊಡ್ತೀನಿ ಬಿಡಮ್ಮ" ಎಂದೆ. ರೈಲ್ವೆ ಬುಕಿಂಗ್ ಕೌಂಟರಿನಲ್ಲಿ ಆಯುಷ್ಯವೆಲ್ಲ ಕೀಲಿ ಒತ್ತಿದ ಅಮ್ಮನಿಗೆ ಕಪ್ಪು ಪರದೆಯ ಮೇಲೆ ಟೈಪ್ ಮಾಡುವುದು ಹೊಸದಲ್ಲ.

ತಿಥಿಯ ಗಣಿತ ಒಂದೇ ಮಧ್ಯಾಹ್ನದಲ್ಲಿ ಮುಗಿಯಿತು. ಉಳಿದದ್ದು ಅಮ್ಮ ಟೈಪ್ ಮಾಡುವ ಮಾಸ, ಪಕ್ಷ, ತಿಥಿಗಳನ್ನು ಓದಿಕೊಳ್ಳುವ ಕೆಲಸ. ಅದಕ್ಕೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟುಗಳು, ಅಂದರೆ ಲೈಬ್ರರಿಗಳು, ಬೇಕಾದಷ್ಟಿವೆ, ಒಂದನ್ನು ಆರಿಸಿಕೊಂಡರಾಯಿತು. ನಾನು ಆರಿಸಲು ಮೂರು ವಾರ ತೆಗೆದುಕೊಂಡೆ. ಒಂದು ತಪ್ಪುಗಳನ್ನು ಕೆಂಪಕ್ಷರದಲ್ಲಿ ತೋರಿಸುತ್ತಿತ್ತು. ಇನ್ನೊಂದು ಎಷ್ಟು ದೊಡ್ಡದೆಂದರೆ ಮೂಗಿಗಿಂತ ಮೂಗುತಿ ಭಾರ. ಎಲ್ಲದರ ಗುಣದೋಷಗಳನ್ನು ಪಟ್ಟಿ ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.

"ಹುಡ್ಗಿ ನೋಡಕ್ಕೆ ಕರದ್ರೆ ಬರಲ್ಲ, ಇದನ್ನ ಮಾತ್ರ ಮೂರು ವಾರದಿಂದ ನೋಡ್ತಿದೀಯ" ಎಂದಳು ಅಮ್ಮ.

ಕೊನೆಗೆ ಗೆದ್ದ ಲೈಬ್ರರಿಯ ಹೆಚ್ಚುಗಾರಿಕೆ ಏನೆಂದರೆ, ನಾವು ಹೇಳದೆ ಬಿಟ್ಟದ್ದನ್ನು ಅದು ತಾನೇ ತುಂಬಿಕೊಳ್ಳುತ್ತದೆ. ಅಮ್ಮ ಮೂರು ಪದ ಟೈಪ್ ಮಾಡಿದಳು, ಉತ್ತರ ಬಂತು: ತಿಥಿಗೆ ಇನ್ನೂ ಒಂದು ತಿಂಗಳಿದೆ. ನಿರಾಳವಾಯಿತು. ಅದೇ ಖುಷಿಗೆ ಟ್ರಿಪ್ಲಿಕೇನಿನಿಂದ ಮಟನ್ ಬಿರಿಯಾನಿ ತರಿಸಿದೆ. ಅಪ್ಪನಿಗೆ ಬಲು ಇಷ್ಟವಾಗಿದ್ದ ಅಂಗಡಿಯದು.

ತಿಂಗಳು ಕಳೆದ ಮೇಲೆ ಅಮ್ಮ ಬೆಳಗಿನಿಂದ ಉಪವಾಸವಿದ್ದು ಅಡುಗೆ ಮಾಡಿ, ಅಪ್ಪನ ಫೋಟೋದ ಮುಂದೆ ಎಡೆ ಇಟ್ಟಳು. ಮಹಡಿಯ ಮೇಲೆ ಕಾಗೆಯೂ ಬಂದು ತಿಂದಿತು. ಅಮ್ಮ ಹೆಮ್ಮೆಯಿಂದ ಎಡೆಯ ಚಿತ್ರ ತೆಗೆದು ಮೈಸೂರಿನ ನನ್ನ ಸೋದರತ್ತೆಗೆ ಕಳಿಸಿದಳು. ಕೂಡಲೇ ಫೋನ್ ಬಂತು.

"ಇದೇನ್ ಅತ್ಗೆ, ಇವತ್ತು? ಅಣ್ಣನ್ ತಿಥಿ ಹೋದ್ ತಿಂಗ್ಳೇ ಆಯ್ತಲ್ಲ."

ಲ್ಯಾಪ್‌ಟಾಪ್ ತೆರೆದು ನೋಡಿದೆ. ಪ್ರೋಗ್ರಾಂ ಬರೆಯುವಾಗ ಉತ್ತರಗಳನ್ನು ತಾಳೆ ನೋಡಲು ಮನೆಯಲ್ಲಿದ್ದದ್ದು ಆ ತಮಿಳು ಕ್ಯಾಲೆಂಡರ್ ಒಂದೇ. ಅದಕ್ಕಾಗಿ, ಯಾರ ಲೆಕ್ಕವೆಂದು ಹೇಳದಿದ್ದರೆ ಸೂರ್ಯನದೇ ಹಿಡಿ ಎಂದು ನಾನೇ ಬರೆದಿಟ್ಟು ಮರೆತಿದ್ದೆ. ಲೈಬ್ರರಿ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿ, ನಮ್ಮ ಆಷಾಢದ ಬದಲು ಅವರ ಆಡಿಯ ಬಿದಿಗೆಯನ್ನು ಹಿಡಿದಿತ್ತು. ಮೂರು ವಾರ ನೋಡಿದವನು ಆ ಒಂದು ಸಾಲನ್ನು ಮಾತ್ರ ನೋಡಿರಲಿಲ್ಲ.

"ನಿಜವಾದ ದಿನ ಯಾವುದಪ್ಪ?" ಎಂದು ಅಮ್ಮ ಕೇಳಿದಳು.

"ನೀನು ಮೊದಲ್ನೇ ಸಲ ಪ್ರೋಗ್ರಾಂ ಓಡಿಸಿದೆಯಲ್ಲ, ಅವತ್ತೇ."

ಅಮ್ಮ ಬೈಯುತ್ತಾಳೆಂದುಕೊಂಡೆ. ಅವಳು ಎಡೆಯ ಎಲೆಯನ್ನೇ ನೋಡುತ್ತಾ ಕೂತಿದ್ದಳು.

"ಬಿರಿಯಾನಿ ತಂದ ದಿನ" ಎಂದಳು. "ಪಾಪ, ಅವತ್ತು ನಿಮ್ಮಪ್ಪ ಬಂದಿದ್ರು. ಒಂದ್ ತುತ್ತೂ ಇಡದೆ ನಾವೇ ತಿಂದ್ಬಿಟ್ವಿ."