ದುರ್ಗಿಯ ಎಂಟನೇ ಕಂತು

ಕುಮಟೆ ಕಡೆಯ ಬಾಡ ಊರಿನ ದುರ್ಗಿ ನಟಿಯಾದದ್ದು ಬೈಗುಳದಿಂದ. ಶೂಟಿಂಗಿನವರು ಕ್ಯಾಮೆರಾ ಹೊತ್ತು ಶೇಂಗಾ ಸಸಿ ತುಳಿದಾಗ, ಅಲ್ಲಿ ಕೂಲಿಗೆ ಬಂದಿದ್ದ ಇವಳು ಅವರನ್ನು ಸಮುದ್ರದವರೆಗೆ ಅಟ್ಟಿಸಿಕೊಂಡು ಹೋಗಿ ಬೈದಳು. ಮರುದಿನ ಅವರೇ ಹುಡುಕಿಕೊಂಡು ಬಂದು, ತಮ್ಮ ಧಾರಾವಾಹಿಯಲ್ಲಿ ದೋಣಿ ದಾಟಿಸುವ ಹೆಂಗಸಾಗುತ್ತೀಯಾ ಎಂದು ಕೇಳಿದರು. ಐವತ್ತೆರಡಕ್ಕೆ ಎಂಥ ವೇಷ ಎಂದು ಊರು ನಕ್ಕಿತು. ನಾನೂ ನಕ್ಕೆ, ಸುಳ್ಳು ಯಾಕೆ ಹೇಳಲಿ. ಅವಳ ಮನೆ ಪಕ್ಕದಲ್ಲೇ ನನ್ನ ಮೊಬೈಲ್ ರಿಪೇರಿ ಅಂಗಡಿ.

ಧಾರಾವಾಹಿ ಬಂದದ್ದು ಒಂದು ಸಣ್ಣ ಕನ್ನಡ ಆ್ಯಪಿನಲ್ಲಿ. ಎಂಟು ಕಂತು. ನಮ್ಮದೇ ಮಾತು, ನಮ್ಮದೇ ಕಡಲು. ಭಟ್ಕಳದಿಂದ ಕುಮಟೆಯವರೆಗೆ ಜನ ಮುಗಿಬಿದ್ದು ನೋಡಿದರು. ಹೊನ್ನಾವರದ ಬಸ್ಸಿನಲ್ಲಿ ದುರ್ಗಿಗೆ ಎದ್ದು ಸೀಟು ಕೊಡುವವರು ಹುಟ್ಟಿಕೊಂಡರು. ಇಪ್ಪತ್ತು ವರ್ಷ ಬೇರೆಯವರ ಗದ್ದೆಯಲ್ಲಿ ಬಗ್ಗಿದವಳಿಗೆ ಮೊದಲ ಸಲ ತನ್ನದು ಎನ್ನುವ ಕೆಲಸ ಸಿಕ್ಕಿತ್ತು.

ಅಷ್ಟರಲ್ಲಿ ನಿರ್ದೇಶಕರ ಸಹಾಯಕಿ ಚಂದನಾ ದುರ್ಗಿಗೆ ತಿಳಿಸಲೆಂದು ನನ್ನ ಅಂಗಡಿಗೆ ಫೋನ್ ಮಾಡಿದಳು. ಎರಡನೇ ಭಾಗ ಬರುವುದು ಅನುಮಾನವಂತೆ. ಎಷ್ಟು ಜನ ಶುರು ಮಾಡಿದರು ಎಂಬುದು ಕಂಪನಿಗೆ ಮುಖ್ಯವಲ್ಲ, ಒಂದು ತಿಂಗಳೊಳಗೆ ಎಷ್ಟು ಜನ ಕಡೆತನಕ ನೋಡಿದರು ಎಂಬುದೇ ಮುಖ್ಯವಂತೆ. ಏಳು ಕಂತು ಬಿಡದೆ ನೋಡಿದವರು ಎಂಟನೆಯದರ ಹನ್ನೊಂದನೇ ನಿಮಿಷಕ್ಕೆ ಎದ್ದುಹೋಗುತ್ತಿದ್ದಾರೆ. ಜನಕ್ಕೆ ಬೇಸರ ಬಂದಿದೆ, ನಿಲ್ಲಿಸಿಬಿಡೋಣ ಎಂದು ಕಂಪನಿಯವರ ಯೋಚನೆ. ಆ ತಿಂಗಳು ಮುಗಿಯಲು ಉಳಿದದ್ದು ಒಂಬತ್ತು ದಿನ.

ಬೇಸರವಂತೆ! ನನಗೆ ಮೈಯೆಲ್ಲ ಉರಿಯಿತು. ಹನ್ನೊಂದನೇ ನಿಮಿಷಕ್ಕೆ ಏನಿದೆ ಎಂದು ನನ್ನನ್ನು ಕೇಳಿದ್ದರೆ ಹೇಳುತ್ತಿದ್ದೆ. ದೋಣಿ ಮಗುಚಿ ದುರ್ಗಿ ಕಾಣೆಯಾಗುತ್ತಾಳೆ. ಗೋಡೆಯ ಮೇಲೆ ಅವಳ ಫೋಟೋ, ಅದಕ್ಕೊಂದು ಹಾರ, ಎದುರಿಗೆ ದೀಪ. ಬದುಕಿರುವವಳ ಫೋಟೋಕ್ಕೆ ಹಾರ ಹಾಕಿದ್ದನ್ನು ಯಾರು ಕಣ್ಣುಬಿಟ್ಟು ನೋಡುತ್ತಾರೆ? ಬೆಳಗಾದರೆ ನಮ್ಮ ಅಂಗಳ ಹಾದೇ ನೀರು ತರಲು ಹೋಗುವವಳು ಅವಳು. ನಾನು ರಾಮ ರಾಮಾ ಎಂದು ಫೋನ್ ಆರಿಸಿದ್ದೆ. ನಮ್ಮ ಕಡೆಯವರೆಲ್ಲ ಆರಿಸಿದ್ದರು.

ದುರ್ಗಿಗೆ ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. ಹಾರದ ನಂತರ ಕಥೆಯಲ್ಲಿ ಏನಾಗುತ್ತದೆಂದು ಅವಳಿಗೆ ಗೊತ್ತು. ಆದರೆ ಯಾರಿಗೂ ಬಾಯಿಬಿಡುವುದಿಲ್ಲ ಎಂದು ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದಳು.

"ಮೊದ್ಲು ಅವ್ವ ನೋಡ್ಲಿ ತಮ್ಮಾ. ಅವ್ವ ನೋಡದ್ದನ್ನ ಊರಿಗೆ ನೋಡಿ ಅಂತ ಹೇಳುಕೆ ನಂಗೆ ಬಾಯಿಲ್ಲ," ಎಂದಳು.

ದುರ್ಗಿಯ ಅವ್ವ ಗಂಗಿ ಭಟ್ಕಳ ಪಕ್ಕದ ಜಾಲಿಯಲ್ಲಿ ಕಿರಿಮಗಳ ಮನೆಯಲ್ಲಿದ್ದಳು. ನಾವಿಬ್ಬರೂ ಹೋದಾಗ ಮುದುಕಿ ಟಿವಿಗೆ ಹಳೆ ಸೀರೆ ಹೊದೆಸಿಟ್ಟಿದ್ದಳು.

"ಮಗಳಿಗೆ ಹಾರ ಹಾಕದ್ದು ನೋಡುಕಾ ನಾನು ಇಷ್ಟು ವರ್ಷ ಬದುಕಿದ್ದು?" ಎಂದು ಮುಖ ತಿರುಗಿಸಿದಳು.

ದುರ್ಗಿ ಸೀರೆ ಎಳೆದುಹಾಕಿ, ಅವ್ವನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. "ಕೈ ಬಿಸಿ ಇದ್ಯಾ ಇಲ್ವಾ ಮುಟ್ಟಿ ನೋಡು. ನಾ ಇಲ್ಲೇ ಇದ್ದೆ. ಕಡೆತನಕ ಕಣ್ಣು ಮುಚ್ಚಬೇಡ."

ನಾನು ಟಿವಿಯಲ್ಲಿ ಎಂಟನೇ ಕಂತು ಹಾಕಿ, ಫೋನ್ ಎತ್ತಿ ಮುದುಕಿಯ ಮುಖವನ್ನಷ್ಟೇ ವಿಡಿಯೊದಲ್ಲಿ ಹಿಡಿದೆ. ಹಾರ ಬಂದಾಗ ಅವಳ ಉಗುರು ಮಗಳ ಅಂಗೈಗೆ ಊರಿತು. ಕಡೆಯ ಮೂರು ನಿಮಿಷಕ್ಕೆ ಟಿವಿಯಲ್ಲಿ ತೆರೆಗಳ ನಡುವಿಂದ ದುರ್ಗಿ ಎದ್ದು ಬಂದಳು. ನೀರು ಸುರಿಸುತ್ತ ಮನೆಗೆ ನಡೆದು, ತನ್ನ ಕೈಯಾರೆ ಆ ಹಾರ ಕಿತ್ತು ಒಲೆಗೆ ಹಾಕಿದಳು. ಗಂಗಿ ಅತ್ತಳು, ಬೊಚ್ಚುಬಾಯಿ ಬಿಟ್ಟು ನಕ್ಕಳು, ಪಕ್ಕದಲ್ಲಿದ್ದ ಮಗಳ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ನನ್ನ ಕಣ್ಣೂ ಒದ್ದೆಯಾಯಿತು, ನಾಚಿಕೆಯೇನಿಲ್ಲ.

ಆ ವಿಡಿಯೊವನ್ನು ಅಂದೇ ಊರಿನ ಎಲ್ಲ ವಾಟ್ಸಾಪ್ ಗುಂಪುಗಳಿಗೂ ಕಳಿಸಿದೆ. ಅದರಲ್ಲಿ ಕಥೆಯಿಲ್ಲ, ಮುದುಕಿಯ ಮುಖ ಮಾತ್ರ. ಅಷ್ಟು ಅತ್ತವಳು ಎಂತ ಕಂಡು ನಕ್ಕಳು ಎಂಬುದೇ ಧಾರೇಶ್ವರದಲ್ಲೂ ಹೊನ್ನಾವರದಲ್ಲೂ ಮಾತಾಯಿತು. ತಿಳಿಯಬೇಕೆಂದರೆ ಹನ್ನೊಂದನೇ ನಿಮಿಷ ದಾಟಲೇಬೇಕು. ಜನ ದಾಟಿದರು.

ಹತ್ತನೇ ದಿನ ದುರ್ಗಿ ನನ್ನ ಅಂಗಡಿಯಲ್ಲಿದ್ದಾಗಲೇ ಚಂದನಾಳ ಫೋನ್ ಬಂತು. ಕಡೆತನಕ ನೋಡಿದವರು ಮೂರು ಪಟ್ಟಾಗಿದ್ದರು. ಎರಡನೇ ಭಾಗ ಖಂಡಿತ, ಮುಖ್ಯ ಪಾತ್ರ ದುರ್ಗಿಯದೇ, ವಾರದೊಳಗೆ ಶೂಟಿಂಗ್. ಆಗ ಗದ್ದೆಯ ಒಡೆಯ ಶ್ರೀರಾಮ ನಾಯ್ಕರು ದುರ್ಗಿಯನ್ನು ಕೂಲಿಗೆ ಕರೆಯಲು ಬಂದು ನನ್ನ ಅಂಗಡಿಯೆದುರೇ ನಿಂತಿದ್ದರು. ಆ ಇಪ್ಪತ್ತು ವರ್ಷದಲ್ಲಿ ಇವಳು ಒಮ್ಮೆಯೂ ಅವರ ಮಾತಿಗೆ ತಲೆಯೆತ್ತಿದವಳಲ್ಲ.

"ಬೇರೆ ಆಳು ನೋಡ್ಕಣಿ ಒಡೆಯಾ," ಎಂದಳು, ಅವರ ಮುಖವನ್ನೇ ನೋಡುತ್ತ. "ನಂಗೆ ಕೆಲ್ಸ ಇದೆ."