ಭೀಮಶಿ ಮತ್ತೆ ಮೈದಾನಕ್ಕೆ ಬಂದದ್ದು

ತೊರಗಲ್ಲಿನ ಮನೆಯ ಗೂಟದಲ್ಲಿ ಭೀಮಶಿಯ ಫುಟ್‌ಬಾಲ್ ಬೂಟುಗಳು ಇನ್ನೂ ತೂಗುತ್ತಿವೆ. ಹೋದ ಮಳೆಗಾಲದ ಜ್ವರದಲ್ಲಿ ಅವನು ತೀರಿಕೊಂಡ. ತಾಯಿ ಮರೆವ್ವ ಬೂಟುಗಳನ್ನು ಯಾರಿಗೂ ಮುಟ್ಟಗೊಟ್ಟಿಲ್ಲ. ಅವನು ಎರಡು ವರ್ಷ ಅವನ್ನು ಹಾಕದೆ ಬಿಟ್ಟದ್ದೂ, ಆಮೇಲೆ ಹಾಕಿಕೊಂಡದ್ದೂ ಗೆಳೆಯ ಸಚಿನನ ಕಾರಣಕ್ಕೆ.

ಇಬ್ಬರೂ ರಾಮದುರ್ಗದ ಕಾಲೇಜಿನ ಟೀಮಿನವರು. ಸಚಿನ ಗೋಲು ಹೊಡೆಯುವವನು, ಭೀಮಶಿ ಗೋಲು ತಡೆಯುವವನು. ಟೂರ್ನಮೆಂಟಿಗೆ ಮುಂಚೆ ಹೊರಗೆಲ್ಲೂ ಆಡಬೇಡಿರೆಂದು ಕೋಚ್ ಉಳವಪ್ಪ ಸರ್ ತಾಕೀತು ಮಾಡಿದ್ದರು. ಆದರೂ ಒಂದು ಭಾನುವಾರ ಹುಡುಗರು ಮಲಪ್ರಭೆಯ ದಂಡೆಯ ಗಟ್ಟಿ ನೆಲದಲ್ಲಿ ಚೆಂಡು ಹಾಕಿದರು. ಸಚಿನನಿಂದ ಚೆಂಡು ಕಸಿಯಲು ಭೀಮಶಿ ನೆಲಕ್ಕೆ ಜಾರಿ ಕಾಲು ಚಾಚಿದ. ಸಚಿನನ ಮೊಣಕಾಲಿನ ಕೆಳಗೆ ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿಸಿತು.

ಯಾರೋ ಧಾರವಾಡಕ್ಕೆ ಒಯ್ಯೋಣವೆಂದರು. ಭೀಮಶಿ ಒಪ್ಪಲಿಲ್ಲ.

"ದವಾಖಾನಿಗೆ ಹೋದ್ರ ಸರ್‌ಗೆ ಗೊತ್ತಾಗ್ತೈತಿ, ಇಬ್ರನೂ ಟೀಮಿನಿಂದ ತಗೀತಾರ. ನಮ್ಮ ಮಾವ ಅದಾನಲ್ಲ, ಎಂಥೆಂಥಾ ಎಲುಬು ಕೂಡಿಸ್ಯಾನ."

ಅವನ ಸೋದರಮಾವ ದುರ್ಗಪ್ಪ ಬಿದಿರ ಸೀಳು, ಉದ್ದಿನ ಹಿಟ್ಟು, ತತ್ತಿಯ ಬಿಳಿ ಹಚ್ಚಿ ಮುರಿದ ಕೈಕಾಲು ಕಟ್ಟುತ್ತಿದ್ದವನು. ಹೊರಸಿನ ಮೇಲೆ ಮಲಗಿಸಿದ ಸಚಿನನ ಕಾಲನ್ನು ಒತ್ತಿ ನೋಡಿ, ಅಳಿಯನನ್ನು ಬಾಗಿಲಿಗೆ ಕರೆದ.

"ಕೀಲಿಗೆ ಪೆಟ್ಟು ಹತ್ತೈತಿ. ಇದು ನನ್ನ ಕೈಯಾಗಿನ ಕೆಲಸಲ್ಲೋ."

"ಈಗ ಕಟ್ಟು ಮಾವಾ. ನಾಳೆ ಒಯ್ತೇನಿ."

ದುರ್ಗಪ್ಪ ಕಟ್ಟಿದ. ಮರುದಿನ ನೋವು ತುಸು ಇಳಿದಿತ್ತು. ಭೀಮಶಿ ಒಯ್ಯಲಿಲ್ಲ. ಮುಂದೆ ಕಟ್ಟು ಬಿಚ್ಚಿದಾಗ ಕಾಲು ಸೊಟ್ಟಾಗಿ ಕೂಡಿತ್ತು. ಮತ್ತೆ ಮುರಿದು ಜೋಡಿಸಬೇಕೆಂದರು ಡಾಕ್ಟರು. ಸಚಿನನ ತಾಯಿ ಗುರುಬಸವ್ವ ಒಪ್ಪಲಿಲ್ಲ.

ಭೀಮಶಿ ಕಾಲೇಜು ಬಿಟ್ಟ. ಮನೋಳಿಯಲ್ಲಿ ನದಿಯ ಪಂಪುಗಳ ಸುಟ್ಟ ಮೋಟಾರಿಗೆ ತಂತಿ ಸುತ್ತುವ ಅಂಗಡಿ ಸೇರಿದ. ರಾಮದುರ್ಗಕ್ಕೆ ಬಂದರೂ ಸಚಿನನ ಅಪ್ಪ ಮಡಿವಾಳೆಪ್ಪನ ಗೊಬ್ಬರದಂಗಡಿಯಿದ್ದ ರಸ್ತೆಯನ್ನು ತಪ್ಪಿಸಿ ಸುತ್ತುಹಾಕಿ ಹೋಗುತ್ತಿದ್ದ.

ಎರಡು ವರ್ಷದ ಮೇಲೆ ಮರೆವ್ವನ ಹಟಕ್ಕೆ ಡಿಗ್ರಿ ಮುಗಿಸಲು ಕಾಲೇಜಿಗೆ ಮರಳಿ ಬಂದ. ಸಚಿನ ದಿನಾ ಸಂಜೆ ಅಪ್ಪನ ಅಂಗಡಿ ಬಿಟ್ಟು ಮೈದಾನಕ್ಕೆ ಬಂದು ಹೊಸ ಹುಡುಗರಿಗೆ ಆಟ ಕಲಿಸುತ್ತಾನೆಂದು ಗೊತ್ತಾಯಿತು. ಒಂದು ವಾರ ಕ್ಲಾಸಿನ ಕಿಟಕಿಯಿಂದ ನೋಡಿದ. ಆಮೇಲೆ ಬೂಟು ಹಾಕಿಕೊಂಡು ಮೈದಾನಕ್ಕೆ ಇಳಿದ.

"ಯಾರ ಕರದಾರೋ ನಿನ್ನ?" ಎಂದರು ಉಳವಪ್ಪ ಸರ್.

"ಯಾರೂ ಕರದಿಲ್ರಿ ಸರ."

"ಬೂಟ್ ಐತೇನು?"

"ಐತ್ರಿ."

"ಹೊಟ್ಟಿನೂ ಐತಿ. ಹೋಗ್, ಹಿಂದ ನಿಂದ್ರು. ಜಾಗಾ ಸಿಗತೈತಂತ ತಿಳಕೋಬ್ಯಾಡ."

ಗೆರೆಯಾಚೆ ಸೀಟಿ ಹಿಡಿದು ನಿಂತಿದ್ದ ಸಚಿನ ಅವನನ್ನು ನೋಡಿದ. ಸೀಟಿ ಊದಿದ.

ಆಟ ಶುರುವಾಯಿತು. ಚೆಂಡು ತಂದವರು ಹತ್ತಿರ ಬಂದಾಗಲೆಲ್ಲ ಭೀಮಶಿಯ ಕಾಲು ತಾನಾಗಿಯೇ ಹಿಂದೆ ಸರಿಯುತ್ತಿತ್ತು. "ಏ ಅಣ್ಣಾ, ಗೇಟ್ ತಗದು ನಿಂತೀಯಲ್ಲ, ಟಿಕೀಟರೆ ಹರಿಯೋ!" ಎಂದೊಬ್ಬ ಕೂಗಿದ. ಎಲ್ಲರೂ ನಕ್ಕರು. ಸರ್ ಹೊರಗೆ ಬಾ ಎಂದು ಕೈ ಮಾಡಿದರು.

ಅಷ್ಟರಲ್ಲಿ ಸಚಿನ ಕುಂಟುತ್ತ ಒಳಗೆ ಬಂದು ಚೆಂಡನ್ನು ತನ್ನ ಕಾಲ ಮುಂದೆ ಇಟ್ಟುಕೊಂಡ.

"ಚೆಂಡು ಕಸಗೊ."

"ಬ್ಯಾಡೋ ಸಚ್ಯಾ."

"ಕಸಗೊ ಅಂದೆ."

ಕುಂಟುತ್ತಲೇ ಅವನು ಭೀಮಶಿಯನ್ನು ದಾಟಿ ಗೋಲು ಹೊಡೆದ. ಚೆಂಡು ತಂದು ಮತ್ತೆ ಇಟ್ಟ. ಈ ಸಲ ನಗುವವರಿರಲಿಲ್ಲ.

"ಅವತ್ತ ನಿಮ್ಮ ಮಾವ ಬಾಗಲದಾಗ ಅಂದದ್ದು ನನಗೂ ಕೇಳಸಿತ್ತು," ಎಂದ ಸಚಿನ, ಮೆಲ್ಲಗೆ. "ಕಾಲು ಮುರದಿತ್ತು, ಕಿವಿ ಮುರದಿರಲಿಲ್ಲ. ನಾ ಬಾಯಿ ತಗದು ಧಾರವಾಡಕ್ಕ ನಡೀರಿ ಅನಬಹುದಿತ್ತು. ನೀ ನಾಳೆ ಒಯ್ತೇನಿ ಅಂದಿ. ನಂಬಿದೆ."

ಇಬ್ಬರದೂ ತಪ್ಪು ಎಂದು ಕೇಳಿದರೆ ಭೀಮಶಿಯ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ಕಾಲು ಮುರಿದದ್ದನ್ನು, ಮಾವನಿಗೆ ಸುಳ್ಳು ಹೇಳಿದ್ದನ್ನು ಅವನು ಅಷ್ಟು ದಿನ ಹೊತ್ತು ತಿರುಗಿದ್ದ. ತನ್ನನ್ನು ನಂಬಿ ಒಬ್ಬ ಆ ಹೊರಸಿನ ಮೇಲೆ ನಾಳೆಗಾಗಿ ಕಾದಿದ್ದ ಎಂಬುದು ಅವನಿಗೆ ಗೊತ್ತಿರಲಿಲ್ಲ.

"ಈಗ ಕಸಗೋತಿಯೋ ಇಲ್ಲೋ?"

ಸಚಿನ ಚೆಂಡು ದೂಡಿಕೊಂಡು ಬಂದ. ಭೀಮಶಿ ನೆಲಕ್ಕೆ ಜಾರಿ ಚೆಂಡನ್ನಷ್ಟೇ ಕಿತ್ತುಕೊಂಡ. ಸಚಿನ ಆಯತಪ್ಪಿ ಧೂಳಿನಲ್ಲಿ ಬಿದ್ದ. ಭೀಮಶಿ ಎದ್ದು ಓಡಿ ಅವನ ಕಂಕುಳಿಗೆ ಕೈ ಹಾಕಲು ಬಾಗಿದವನು, ಹಾಗೇ ನಿಂತ.

"ಎಬ್ಬಸ್ಲ್ಯಾ?" ಎಂದು ಈ ಸಲ ಅವನನ್ನೇ ಕೇಳಿದ.

ಸಚಿನ ಧೂಳು ಮೆತ್ತಿದ ಕೈ ಚಾಚಿದ.

"ಎಬ್ಬಸು."

ಸರ್ ಭೀಮಶಿಯನ್ನು ಕೊನೆಯ ಹೆಚ್ಚುವರಿ ಆಟಗಾರನಾಗಿ ಸೇರಿಸಿಕೊಂಡರು. ಆ ವರ್ಷ ಅವನು ಆಡಿದ್ದು ಕಡಿಮೆ, ಬೆಂಚಿನ ಮೇಲೆ ಸಚಿನನ ಪಕ್ಕ ಕೂತದ್ದೇ ಹೆಚ್ಚು. ಸಚಿನ ಎದ್ದು ನಾಲ್ಕು ಹೆಜ್ಜೆ ಹಾಕಿದರೂ ಭೀಮಶಿಯ ಕಣ್ಣು ಆ ಕಾಲಿನ ಮೇಲೆಯೇ ಇರುತ್ತಿತ್ತು.

"ಇಲ್ಲೇನ್ ನೋಡ್ತೀಲೇ, ಆಟ ನೋಡು," ಎಂದು ಸಚಿನ ಬೈಯುತ್ತಿದ್ದ.

ಭೀಮಶಿ ಸ್ವಲ್ಪ ಹೊತ್ತು ಆಟ ನೋಡುತ್ತಿದ್ದ.