ಸುಮಿತ್ರವ್ವನ ರಂಜಕ, ಸುಮಕ್ಕನ ಕಲ್ಲು

ಟೆಕ್ಸಾಸಿನ ಲೂಯಿಸ್‌ವಿಲ್ಲಿನಲ್ಲಿ ಸುಮಿತ್ರವ್ವ ರಂಜಕದ ಭರಣಿಯ ಮುಚ್ಚಳ ತೆಗೆದರೆ ಓಕ್ಲಹೋಮಾ ಗಡಿಯಾಚೆಯ ದನಗಳು ಸೀನುತ್ತವೆ ಎಂದು ಡಲ್ಲಸ್ಸಿನ ಕನ್ನಡದವರೆಲ್ಲ ಹೇಳುತ್ತಿದ್ದರು. ಅದು ಶುದ್ಧ ಸುಳ್ಳು. ಗಾಳಿ ಉತ್ತರಕ್ಕೆ ಬೀಸಿದ ದಿನ ಮಾತ್ರ ಸೀನುತ್ತಿದ್ದವು.

ರಂಜಕ ಅಂದರೆ ಹುಬ್ಬಳ್ಳಿ ಕಡೆಯ ಕೆಂಪು ಚಟ್ನಿ. ಹಣ್ಣುಮೆಣಸಿನಕಾಯಿಗೆ ಬೆಳ್ಳುಳ್ಳಿ, ಉಪ್ಪು, ಮೆಂತ್ಯ, ಲಿಂಬೆರಸ ಸೇರಿಸಿ ರುಬ್ಬಿ, ಭರಣಿಯಲ್ಲಿ ಒತ್ತಿ ಇಟ್ಟು, ರೊಟ್ಟಿಯ ಅಂಚಿಗೆ ಒಂದಿಷ್ಟು ಹಚ್ಚಿಕೊಂಡು ತಿನ್ನುವುದು. ಹೆಚ್ಚು ಹಚ್ಚಿಕೊಂಡವರು ಏನಾದರೆಂದು ಹೇಳಲು ಯಾರೂ ವಾಪಸ್ಸು ಬಂದಿಲ್ಲ. ಲೂಯಿಸ್‌ವಿಲ್ಲಿನಲ್ಲಿ ಇಪ್ಪತ್ತಾರು ವರ್ಷ ಟೈರಿನ ಅಂಗಡಿ ನಡೆಸಿದ ಅವಳ ಗಂಡ ನೀಲಕಂಠಪ್ಪ ಬಂದವರಿಗೆಲ್ಲ ಹೇಳುತ್ತಿದ್ದ: “ನಮ್ಮಪ್ಪ ನನಗ ಹೆಸರು ಇಡೂ ಮುಂದನ ಈಕಿ ಗಂಟು ಬೀಳ್ತಾಳಂತ ಗೊತ್ತಿತ್ತು ನೋಡ್ರಿ. ನುಂಗಾಂಗಿಲ್ಲ, ಉಗುಳಾಂಗಿಲ್ಲ, ಗಂಟಲದಾಗ ಹಿಡಕೊಂಡು ಕುಂತೀನಿ.”

ಸುಮಿತ್ರವ್ವನಿಗೂ ಅವಳ ರಂಜಕಕ್ಕೂ ಖಾರದಲ್ಲಿ ಒಂದು ಗುಲಗಂಜಿ ವ್ಯತ್ಯಾಸವಿರಲಿಲ್ಲ. ಅರವತ್ತಾರು ವಯಸ್ಸು, ಮೂಗಿನ ತುದಿಯಲ್ಲಿ ಸಿಟ್ಟು. ಸಿಟ್ಟು ಬಂದರೆ ಅಷ್ಟು ವರ್ಷ ಕಷ್ಟಪಟ್ಟು ಕಲಿತ ಇಂಗ್ಲಿಷು ಮೊದಲು ಹಿತ್ತಲ ಬಾಗಿಲಿಂದ ಓಡಿಹೋಗುತ್ತಿತ್ತು. ಉಳಿಯುತ್ತಿದ್ದದ್ದು ಹುಬ್ಬಳ್ಳಿ ಒಂದೇ.

ಮಾರುವ ರಂಜಕವನ್ನು ಮನೆಯಲ್ಲಿ ಮಾಡುವಂತಿರಲಿಲ್ಲ, ಕಾನೂನು. ಅದಕ್ಕೆ ಪ್ರತಿ ಮಂಗಳವಾರ ಒಂದು ಬಾಡಿಗೆ ಅಡುಗೆಮನೆ ಹಿಡಿದಿದ್ದಳು. ಅದೇ ದಿನ ಅಲ್ಲೇ ಮೂಲಂಗಿ ಉಪ್ಪಿನಕಾಯಿ ಹಾಕುತ್ತಿದ್ದವಳು ಸುಮಿಕೊ ಎಂಬ ಎಪ್ಪತ್ತೆಂಟರ ಜಪಾನೀ ಮುದುಕಿ. ಅಮೆರಿಕದ ಸೈನಿಕನನ್ನು ಮದುವೆಯಾಗಿ ಬಂದು ಟೆಕ್ಸಾಸಿನಲ್ಲೇ ಐವತ್ತಾರು ವರ್ಷ ಕಳೆದವಳು, ಈಗ ವಿಧವೆ. ಮಾತಾಡಿದರೆ ದನ ಕಾಯುವ ಟೆಕ್ಸಾಸಿನವರ ಹಾಗೆ ರಾಗ ಎಳೆಯುತ್ತಿದ್ದಳು. ಅಡುಗೆಮನೆಯ ಯಜಮಾನ ಇಬ್ಬರನ್ನೂ “ಸುಮಿ” ಎಂದು ಕೂಗಿ, ಇಬ್ಬರೂ ಓ ಅಂದು, ಮೊದಲ ದಿನವೇ ಜಗಳವಾಗಬೇಕಿತ್ತು. ಆಗಲಿಲ್ಲ. ಸುಮಿತ್ರವ್ವ ಅವಳನ್ನು “ಸುಮಕ್ಕ” ಎಂದಳು. ಸುಮಕ್ಕ ಅನ್ನಕ್ಕೆ ರಂಜಕ ಕಲಸಿಕೊಂಡು, ಕಣ್ಣಲ್ಲಿ ಒಂದು ಹನಿ ನೀರಿಲ್ಲದೆ ಉಂಡಳು. ಭೂಮಿಯ ಮೇಲೆ ಹಾಗೆ ಉಂಡವರು ಇಬ್ಬರೇ, ಇನ್ನೊಬ್ಬಳು ಸುಮಿತ್ರವ್ವ.

ಹನ್ನೊಂದು ವರ್ಷ ಹೀಗೇ ನಡೆಯಿತು. ಸುಮಕ್ಕನ ಹತ್ತಿರ ಒಂದು ಕಲ್ಲಿತ್ತು. ತೆಂಗಿನಕಾಯಿ ಗಾತ್ರ, ಒಂದು ಮಗ್ಗುಲು ಕಪ್ಪಗೆ. ಮೂಲಂಗಿಯ ಭರಣಿಯ ಮೇಲೆ ಭಾರಕ್ಕೆ ಇಡುತ್ತಿದ್ದಳು, ಕೆಲಸ ಮುಗಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದಳು. “ನಿನ್ನ ಸಾಲಿಗ್ರಾಮಕ್ಕ ಸ್ನಾನ ಆತೇನ?” ಎಂದು ಸುಮಿತ್ರವ್ವ ಚೇಷ್ಟೆ ಮಾಡುತ್ತಿದ್ದಳು. ಒಮ್ಮೆ ಗುಂಡುಕಲ್ಲು ಸಿಗದೆ ಅದರಲ್ಲೇ ಬೆಳ್ಳುಳ್ಳಿ ಜಜ್ಜಿದ್ದಳು. ಸುಮಕ್ಕ ಬಂದು ಕಲ್ಲನ್ನು ಕಿತ್ತುಕೊಂಡು ಅರ್ಧ ತಾಸು ತೊಳೆದಳು. “ಏನ್ ಮಡಿವಂತಿಕಿ!” ಎಂದು ಸುಮಿತ್ರವ್ವ ಮನೆಯಲ್ಲಿ ಗಂಡನ ಮುಂದೆ ಆಡಿಕೊಂಡಿದ್ದಳು.

ಹುಬ್ಬಳ್ಳಿಯವರು ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಮೊದಲು ಕೇಳುವುದು “ಯಾವೂರ್ರಿ?” ಅಂತಲೇ. ಅದನ್ನೂ ಕೇಳಿದ್ದಳು. “ಸಮುದ್ರದ ಕಡೆ” ಅಂದಿದ್ದಳು ಸುಮಕ್ಕ. ಸುಮಿತ್ರವ್ವ ಅಷ್ಟಕ್ಕೇ ಬಿಟ್ಟಿದ್ದಳು. ಬೇರೆ ಯಾರಾದರೂ ಹಾಗಂದಿದ್ದರೆ ತಾಲೂಕು, ಓಣಿ, ಮನೆಯ ಮುಂದಿನ ಬಾವಿಯವರೆಗೂ ಕೆದಕಿ ತೆಗೆಯುತ್ತಿದ್ದಳು.

ಹೀಗಿರುವಾಗ ವಿನಾಯಕ್‌ಗೆ ರಂಜಕದಲ್ಲಿ ಭವಿಷ್ಯ ಕಾಣಿಸಿತು. ವಿನಾಯಕ್ ಸುಮಿತ್ರವ್ವನ ತಂಗಿಯ ಮಗ. ಲಾಸ್ ಕೊಲಿನಾಸಿನ ಕಂಪನಿಯೊಂದರಲ್ಲಿ ಕೆಲಸ, ಮನಸ್ಸೆಲ್ಲ ಬಿಸಿನೆಸ್ಸಿನ ಮೇಲೆ. ಆಸ್ಟಿನ್ನಿನಲ್ಲಿ ಆಗಸ್ಟ್ ತಿಂಗಳಲ್ಲಿ ಖಾರದ ಸಾಸುಗಳ ಜಾತ್ರೆ. ಅದರ ಪಂದ್ಯದಲ್ಲಿ ಗೆದ್ದರೆ ಹ್ಯೂಸ್ಟನ್ನಿನ ಒಂದು ದೊಡ್ಡ ಅಂಗಡಿ ತನ್ನ ಎಲ್ಲ ಶಾಖೆಗಳಲ್ಲೂ ರಂಜಕ ಇಡುತ್ತೇನೆ ಅಂದಿತ್ತು.

“ದೊಡ್ಡವ್ವಾ, ರಂಜಕ ಅಂದ್ರ ಇಲ್ಲೆ ಯಾರಿಗೂ ತಿಳಿಯೂದಿಲ್ಲ. ಅದರ ಅರ್ಥರೆ ಏನು?”

“ತೋಪು ಹಾರಸಾಕ ಅದರ ಕಿವಿತೂತಿಗೆ ಮದ್ದು ಹಾಕ್ತಾರಲ್ಲ, ಅದಕ್ಕ ರಂಜಕ ಅಂತಾರ.”

“ಗನ್‌ಪೌಡರ್? ಆ ಹೆಸರನ್ನ ಇಡ್ಲಿ ಚಟ್ನಿಪುಡಿ ಮಾರೋರು ಆಗಲೇ ಹೊಡಕೊಂಡಾರ. ಅದಕ್ಕಿಂತ ದೊಡ್ಡದು ಬೇಕು.”

“ಹಂಗಾರ ಆಟಂ ಬಾಂಬ್ ಅಂತ ಇಡೊ!” ಎಂದು ಸುಮಿತ್ರವ್ವ ಹೊಟ್ಟೆ ಹಿಡಿದು ನಕ್ಕಳು.

ನಗುವಾಗ ಅವಳ ಕಣ್ಣ ಮುಂದಿದ್ದದ್ದು ದೀಪಾವಳಿ. ಹಸಿರು ಸುತಳಿ ಬಿಗಿದು ಸುತ್ತಿದ, ಲಿಂಬೆಹಣ್ಣಿನಷ್ಟು ದಪ್ಪದ ಪಟಾಕಿ. ಅಣ್ಣ ಬತ್ತಿಗೆ ಊದುಬತ್ತಿ ಮುಟ್ಟಿಸಿ ಓಡುವುದು, ತಾನು ಕಿವಿ ಮುಚ್ಚಿಕೊಂಡು ಕಿರಿಚುವುದು, ಕಟ್ಟೆಯ ಮೇಲಿದ್ದ ಅಜ್ಜಿ “ಹಾಟ್ಯಾ” ಎಂದು ಬಯ್ಯುವುದು. ಆಟಂ ಬಾಂಬ್ ಅಂದರೆ ಕರ್ನಾಟಕದ ಅರ್ಧ ಮಕ್ಕಳಿಗೆ ಇಷ್ಟೇ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಎರಡು ಸಾವಿರದ ಹದಿನೈದು, ಆಗಸ್ಟ್ ನಾಲ್ಕು, ಮಂಗಳವಾರ. ವಿನಾಯಕ್ ಚೀಟಿಗಳನ್ನು ಪ್ರಿಂಟ್ ಮಾಡಿಸಿ ಸುಮಿತ್ರವ್ವನಿಗೂ ತೋರಿಸದೆ ಆರುನೂರು ಬಾಟಲಿಗೆ ಅಂಟಿಸಿ, ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿ ಜೋಡಿಸಿದ್ದ. ಕೆಂಪು ಹಿನ್ನೆಲೆಯಲ್ಲಿ ಅಣಬೆಯಂತೆ ಎದ್ದ ಹಳದಿ ಮೋಡ. ಮೋಡಕ್ಕೆ ಕಣ್ಣು, ಬಾಯಿ, ಹೊರಗೆ ಚಾಚಿದ ನಾಲಿಗೆ. ಮೇಲೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಆಟಂ ಬಾಂಬ್. ಕೆಳಗೆ ಸಣ್ಣದಾಗಿ, “ಏನೂ ಉಳಿಯುವುದಿಲ್ಲ!”

ಸುಮಕ್ಕ ಒಂದು ಬಾಟಲಿ ಎತ್ತಿಕೊಂಡಳು. ಆಮೇಲೆ ಹೆಬ್ಬೆರಳಿನಿಂದ ಆ ನಾಲಿಗೆಯನ್ನು ಮುಚ್ಚಿ ಹಿಡಿದುಕೊಂಡಳು.

“ನೀನು ನನ್ನ ಊರು ಕೇಳಿದ್ದೆ” ಎಂದಳು. “ಹಿರೋಶಿಮಾ.”

ಇಲ್ಲಿಂದ ಮುಂದೆ ಅವಳು ಹೇಳಿದ್ದಕ್ಕೆ ಉಪ್ಪು ಖಾರ ಸೇರಿಸುವ ಧೈರ್ಯ ಎಂಥ ಬುರುಡೆದಾಸನಿಗೂ ಬರುವುದಿಲ್ಲ. ಸುಮಕ್ಕನಿಗೆ ಆಗ ಎಂಟು ವರ್ಷ. ಶಾಲೆಯ ಮಕ್ಕಳನ್ನು ಊರಿನಿಂದ ದೂರ ಕಳಿಸಿದ್ದರು, ಅವಳು ಹಳ್ಳಿಯಲ್ಲಿ ಅಜ್ಜಿಯ ಹತ್ತಿರ ಇದ್ದಳು. ಅಮ್ಮ, ನಾಲ್ಕು ವರ್ಷದ ತಮ್ಮ ಊರಲ್ಲಿದ್ದರು. ಬಾಂಬು ಬಿದ್ದ ಮೂರನೆಯ ದಿನ ಅಜ್ಜಿಯ ಕೈ ಹಿಡಿದು ಮನೆ ಹುಡುಕಲು ಹೋದಳು. ಓಣಿ ಇರಲಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ಗುರುತಿರಲಿಲ್ಲ. ಅಜ್ಜಿ ಬೂದಿ ಕೆದಕುತ್ತ ಹೋಗಿ, ಒಡೆದ ಭರಣಿಯೊಂದರ ನಡುವೆ ಒಂದು ಕಲ್ಲನ್ನು ಕಂಡು ನಿಂತಳು. ಮಗಳಿಗೆ ಮದುವೆಯಲ್ಲಿ ಅವಳೇ ಕೊಟ್ಟದ್ದು, ಉಪ್ಪಿನಕಾಯಿಗೆ ಭಾರ ಇಡಲು. ಅಡುಗೆಮನೆ ಇಲ್ಲೇ ಇತ್ತು ಎಂದು ಗೊತ್ತಾದದ್ದು ಅದರಿಂದ. ಒಯ್ಯಲು ಬೇರೆ ಏನೂ ಸಿಗಲಿಲ್ಲ.

ಸುಮಕ್ಕ ಬಾಟಲಿಯನ್ನು ಸಾಲಿನಲ್ಲಿ ಮೊದಲಿದ್ದ ಜಾಗಕ್ಕೇ ಇಟ್ಟಳು. ಕಲ್ಲನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಮೂಲಂಗಿಯನ್ನು ಅರ್ಧಕ್ಕೇ ಬಿಟ್ಟು ಹೊರಟುಹೋದಳು.

ಸುಮಿತ್ರವ್ವನ ಮೂಗಿಗೆ ಬೆಳ್ಳುಳ್ಳಿಯ ವಾಸನೆ ಬಡಿಯಿತು, ಎಂದೋ ಆ ಕಲ್ಲಿನಲ್ಲಿ ಜಜ್ಜಿದ ಬೆಳ್ಳುಳ್ಳಿಯದು. ಆಮೇಲೆ ಬಂತು ಸಿಟ್ಟು. ಮೊದಲು ವಿನಾಯಕನ ಮೇಲೆ.

“ಈ ಮೋಡಕ್ಕ ನಾಲಿಗಿ ಬರದಾವ ಯಾವನೊ?”

“ದೊಡ್ಡವ್ವಾ, ಹೆಸರು ಹೇಳಿದಾಕಿ ನೀನ ಅಲ್ಲೇನು?”

ಅದು ನಿಜವಾದದ್ದರಿಂದ ಸಿಟ್ಟು ಇಮ್ಮಡಿಯಾಯಿತು. “ಹೌದೊ, ನಾನ! ನನ್ನ ನಾಲಿಗಿಗೆ ಬರಿ ಎಳಿ. ಆದ್ರ ನಾ ಪಟಾಕಿ ಅಂದ್ಕೊಂಡು ಅಂದೆ. ನೀ ಕಂಪ್ಯೂಟರಿನ್ಯಾಗ ಹುಡುಕಿ, ಆ ಫೋಟೋ ನೋಡಿ, ಅದರ ಮ್ಯಾಲೆ ಕಣ್ಣು ಮೂಗು ಬರಸೀದಿ. ಅದರ ಕೆಳಗ ಯಾರಿದ್ರು ಅಂತ ಅದರಾಗ ಇರಲಿಲ್ಲೇನು?”

“ಎಪ್ಪತ್ತು ವರ್ಷ ಆತು. ಯಾರೂ ತಪ್ಪು ತಿಳಕೊಳ್ಳೂದಿಲ್ಲ. ಇಲ್ಲಿ ಎಲ್ಲಾ ಸಾಸಿಗೂ ಇಂಥಾವ ಹೆಸರು. ಹ್ಯೂಸ್ಟನ್ನಿನವರು ಹೆಸರು ನೋಡೇ ಹೂಂ ಅಂದಾರ. ಅದು ಹೋದ್ರ ಅಂಗಡೀನೂ ಹೋತು.”

“ಹೋಗಲಿ. ನನಗ ಅಂಗಡಿ ಬ್ಯಾಡ, ಸುಮಕ್ಕ ಬೇಕು. ಪಂದ್ಯದ ಪಟ್ಟಿಯಾಗ ಹೆಸರು ಬದಲಸು. ಬರೇ ರಂಜಕ.”

“ಬದಲಸ್ತೀನಿ” ಎಂದ ವಿನಾಯಕ್.

ಮೂರು ದಿನ ಗಂಡ ಹೆಂಡತಿ ಕೂತು ಆರುನೂರು ಬಾಟಲಿಯ ಚೀಟಿ ಕಿತ್ತರು. ಬಿಸಿನೀರು, ಎಣ್ಣೆ, ತೆಂಗಿನ ನಾರು, ಟೈರಿನ ಅಂಗಡಿಯಿಂದ ತಂದ ಯಾವುದೋ ದ್ರಾವಣ, ಎಲ್ಲ ಹಾಕಿ ಉಜ್ಜಿದರು. ಕಾಗದ ಬಂತು, ಅಂಟು ಬರಲಿಲ್ಲ. ಗಾಜಿನ ಮೇಲೆ ಆ ಮೋಡದ ಆಕಾರದಲ್ಲೇ ಮಬ್ಬು ಕಲೆ ನಿಂತಿತು. “ಸುಮಕ್ಕಗ ಒಂದು ಫೋನ್ ಮಾಡ್ಲ್ಯಾ?” ಎಂದ ನೀಲಕಂಠಪ್ಪ. “ಏನಂತ ಮಾಡ್ತೀರಿ?” ಎಂದಳು. ಅವನು ಮುಂದಿನ ಬಾಟಲಿ ಎತ್ತಿಕೊಂಡ.

ಶನಿವಾರ ಆಸ್ಟಿನ್. ಆ ದಿನದ ಬಿಸಿಲಿಗೆ ರಸ್ತೆಯ ಡಾಂಬರು ಕುದಿದು, ಹಾಯುವ ಕಾರುಗಳು ದೋಣಿಯಂತೆ ತೇಲುತ್ತಿದ್ದವು. ಇನ್ನೂರು ಸಾಸು, ನೂರು ಟೋಪಿ, ಒಂದು ವೇದಿಕೆ. ಮೂವರು ತೀರ್ಪುಗಾರರು ರಂಜಕ ನೆಕ್ಕಿದರು. ಒಬ್ಬ ಅತ್ತ, ಒಬ್ಬ ದೇವರ ಹೆಸರು ಹಿಡಿದು ಕೂಗಿದ, ಮೂರನೆಯವಳು ಇನ್ನೊಂದು ಚಮಚ ಕೇಳಿದಳು. ಮೊದಲ ಬಹುಮಾನ ಬಂತು. ಕೈಯಲ್ಲಿ ನೀಲಿ ರಿಬ್ಬನ್ ಹಿಡಿದು ನಿರೂಪಕ ಕಾಗದ ನೋಡಿ ಗಂಟಲು ಹರಿಯುವಂತೆ ಕೂಗಿದ:

“ಲೂಯಿಸ್‌ವಿಲ್ಲಿನ ಆಟಂ ಬಾಂಬ್!”

ಜನ ಸೀಟಿ ಹೊಡೆದರು. ಮುಂದಿನ ಸಾಲಿನವರು “ಢಮ್!” ಎಂದು ಕೈ ಮೇಲೆತ್ತಿದರು. ಸುಮಿತ್ರವ್ವ ವಿನಾಯಕನನ್ನು ನೋಡಿದಳು. ಅವನು ತನ್ನ ಬೂಟು ನೋಡಿಕೊಂಡ. ಪಟ್ಟಿಯಲ್ಲಿ ಹೆಸರು ಬದಲಿಸಿರಲೇ ಇಲ್ಲ.

ಅವಳು ವೇದಿಕೆ ಹತ್ತಿದಳು, ಅವನ ತೋಳು ಹಿಡಿದು ಅವನನ್ನೂ ಹತ್ತಿಸಿದಳು. ಮೈಕು ಕೈಗೆ ಬಂತು, ಇಂಗ್ಲಿಷು ಹಿತ್ತಲಿಂದ ಓಡಿತು.

“ಯಾರ್ರಿ ಅದು ಸೀಟಿ ಹೊಡದವರು? ಇದರಾಗ ಮೆಣಸಿನಕಾಯಿ ಐತಿ, ತಿಂದ್ರ ನಾಲಿಗಿ ಉರೀತೈತಿ. ಮಜ್ಜಿಗಿ ಕುಡದ್ರ ಆರತೈತಿ. ಆ ಬೆಂಕಿ ಎದರಿಂದ ಆರತೈತಿ, ಹೇಳ್ರಿ? ಆ ಮೋಡದ ಕೆಳಗ ಒಂದು ಅಡಗಿಮನಿ ಇತ್ತು. ಒಬ್ಬಾಕಿ ಇದ್ದಳು, ನಾಕು ವರ್ಷದ ಕೂಸು ಇತ್ತು. ಈ ಹೆಸರು ಅಂದಾಕಿ ನಾನು, ತಗೀ ಅಂದ್ರೂ ತಗೀಲಾರದಾವ ಈ ನನ್ನ ಮಗ. ನಮಗಿಬ್ಬರಿಗೂ ನಾಚಿಕಿ ಆಗಬೇಕು, ಢಮ್ ಅಂದ ನಿಮಗೂ ಆಗಬೇಕು.”

ಜನ ಪ್ರೀತಿಯಿಂದ ಚಪ್ಪಾಳೆ ತಟ್ಟಿದರು. ಒಂದಕ್ಷರ ತಿಳಿದಿರಲಿಲ್ಲವಲ್ಲ. “ಹೇಳೊ” ಎಂದಳು ವಿನಾಯಕನಿಗೆ.

ವಿನಾಯಕ್ ಮೈಕಿಗೆ ಬಾಗಿ ಇಂಗ್ಲಿಷಿನಲ್ಲಿ ಹೇಳಿದ: “ಎಲ್ಲರಿಗೂ ಧನ್ಯವಾದ ಅಂತಿದ್ದಾರೆ. ತುಂಬಾ ಭಾವುಕರಾಗಿದ್ದಾರೆ.”

“ನಾ ಎಂಟು ಮಾತು ಆಡೀನಿ, ನೀ ಎರಡು ಹೇಳಿದಿ. ಉಳದ ಆರು ಎಲ್ಲಿ ಹೋದ್ವು? ಇಂಗ್ಲಿಷ್ ಮಾತಾಡಾಕ ಬರಲಿಕ್ಕಿಲ್ಲ ನನಗ, ಎಣಸಾಕ ಬರತೈತಿ.”

ವಿನಾಯಕನ ಕಿವಿ ರಂಜಕದ ಬಣ್ಣಕ್ಕೆ ತಿರುಗಿತು. ಮೊದಲಿಂದ ಶುರುಮಾಡಿ ಎಲ್ಲವನ್ನೂ ಹೇಳಿದ. ಹೆಸರು ತೆಗೆಯದೆ ಬಿಟ್ಟವನು ತಾನೇ ಎಂಬಲ್ಲಿ ದನಿ ಒಡೆಯಿತು. ಸೀಟಿ ನಿಂತಿತು. ಕೆಲವರು ಎದ್ದು ಹೋದರು. ದೊಡ್ಡ ಟೋಪಿಯ ಮುದುಕನೊಬ್ಬ ಮುಂದೆ ಬಂದು, ಸಭ್ಯವಾಗಿಯೇ ಅಂದ: “ಅಮ್ಮಾ, ಆ ಬಾಂಬಿನಿಂದ ಯುದ್ಧ ಮುಗಿಯಿತು. ನಮ್ಮಪ್ಪ ಜೀವಂತ ಮನೆಗೆ ಬಂದ.”

ಅದೆಲ್ಲಿತ್ತೋ, ಓಡಿಹೋಗಿದ್ದ ಇಂಗ್ಲಿಷು ಆಗ ವಾಪಸ್ಸು ಬಂತು. “ನಿಮ್ಮಪ್ಪ ಮನೆಗೆ ಬಂದದ್ದು ಒಳ್ಳೆಯದಾಯಿತು” ಎಂದಳು ಸುಮಿತ್ರವ್ವ. “ಅವಳ ಅಮ್ಮ ಮನೆಯಲ್ಲೇ ಇದ್ದಳು.”

ಮುದುಕ ಟೋಪಿ ತೆಗೆದ. ಒಪ್ಪಿಯೋ, ಬೆವರೊರೆಸಲೋ, ಹೇಳಲಾಗದು. ಅವಳು ರಿಬ್ಬನ್ ಮುಟ್ಟದೆ ಕೆಳಗಿಳಿದಳು.

ಸೋಮವಾರ ಹ್ಯೂಸ್ಟನ್ನಿನಿಂದ ಮೇಲ್ ಬಂತು: ಆ ಹೆಸರಿಲ್ಲದಿದ್ದರೆ ಬೇಡ. ಮಂಗಳವಾರ ಸುಮಿತ್ರವ್ವ ಅಡುಗೆಮನೆಗೆ ಹೋದಾಗ ಸುಮಕ್ಕನ ಮೇಜು ಖಾಲಿಯಿತ್ತು. ಒಬ್ಬಳೇ ಮೆಣಸಿನಕಾಯಿಯ ತೊಟ್ಟು ಮುರಿಯುತ್ತ ಕೂತಳು. ಹತ್ತು ಗಂಟೆಗೆ ಬಾಗಿಲು ಸಪ್ಪಳವಾಯಿತು. ಸುಮಕ್ಕ, ಕಂಕುಳಲ್ಲಿ ಗಂಟು.

“ನಿನ್ನ ಗಂಡ ಆಸ್ಟಿನ್ನಿನ ವಿಡಿಯೋ ಕಳಿಸಿದ” ಎಂದಳು.

ಸುಮಿತ್ರವ್ವ ತಲೆಯೆತ್ತಲಿಲ್ಲ. “ನಿನಗ ನನ್ನ ಮ್ಯಾಲೆ ಸಿಟ್ಟಿಲ್ಲೇನು?” ಎಂದು ಕನ್ನಡದಲ್ಲೇ ಕೇಳಿ, ಆಮೇಲೆ ಇಂಗ್ಲಿಷಿನಲ್ಲಿ ಕೇಳಿದಳು.

“ಇದೆ. ಎಲ್ಲರ ಮೇಲೂ ಇದೆ. ಐವತ್ತಾರು ವರ್ಷ ಈ ನಾಡಿನಲ್ಲಿ ಒಬ್ಬಳೇ ಸಿಟ್ಟಾಗಿ ಸಾಕಾಗಿದೆ. ಯಾರಾದರೂ ಪಾಳಿ ಬದಲಿಸುತ್ತಾರೇನೋ ಅಂತ ಕಾಯುತ್ತಿದ್ದೆ.”

“ಎಷ್ಟು ದಿನದ ಪಾಳಿ?”

“ನಿನಗೆ ಎಷ್ಟು ದಿನ ಆಗುತ್ತದೆ?”

“ನನಗೇನು, ಸಿಟ್ಟಿಗೆ ಬರಾನ?” ಎಂದಳು ಸುಮಿತ್ರವ್ವ. ಕಣ್ಣು ಒರೆಸಿಕೊಳ್ಳಲು ಹೋಗಿ ಮೆಣಸಿನಕಾಯಿಯ ಕೈ ತಾಗಿ, ಅಯ್ಯಯ್ಯೋ ಎಂದು ನಲ್ಲಿಗೆ ಓಡಿದಳು.

ಮುಖ ತೊಳೆದು ತಿರುಗಿದಾಗ ಸುಮಕ್ಕ ಗಂಟು ಬಿಚ್ಚಿದ್ದಳು. ಹೋದ ವಾರ ಒತ್ತಿಟ್ಟಿದ್ದ ರಂಜಕದ ದೊಡ್ಡ ಭರಣಿಯ ಮೇಲೆ ಶುಭ್ರ ಬಟ್ಟೆ ಹಾಸಿ, ಎರಡೂ ಕೈಯಲ್ಲಿ ಕಲ್ಲೆತ್ತಿ, ಕಪ್ಪು ಮಗ್ಗುಲು ಮೇಲೆ ಬರುವಂತೆ ಇಟ್ಟಳು.

“ಬೆಳ್ಳುಳ್ಳಿ ಮಾತ್ರ ಬೇರೆ ಕಲ್ಲಿನಲ್ಲಿ ಜಜ್ಜು” ಎಂದಳು.